ತಿಳಿ ಬೀಗರು, ರಾಡಿ ಬೀಗರು

ಲೋಕದಲ್ಲಿ ಸಂಬಂಧಗಳು ಜಾತಕ ಕೂಡದೆ ಮುರಿಯುತ್ತವೆ, ಬಂಗಾರದ ಮಾತಿಗೆ ಮುರಿಯುತ್ತವೆ, ಹುಡುಗನ ನೆತ್ತಿಯ ಮೇಲಿನ ಕೂದಲಿನ ಸಲುವಾಗಿಯೂ ಮುರಿಯುತ್ತವೆ. ನನ್ನ ಮಗಳ ಸಂಬಂಧ ಮಾತ್ರ, ಬಿಯರು ತಿಳಿಯಾಗಿರಬೇಕೋ ರಾಡಿಯಾಗಿರಬೇಕೋ ಎಂಬ ಪ್ರಶ್ನೆಯ ಮೇಲೆ ಮುರಿಯುವುದರಲ್ಲಿತ್ತು. ತಪ್ಪು ಯಾರದು ಎಂದು ನೀವೇ ಹೇಳಿ. (ನನ್ನ ಹೆಂಡತಿ ಆಗಲೇ ಹೇಳಿದ್ದಾಳೆ. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಮಾತ್ರ ಹೇಳಿ.)

ನಾನು ಬಾಳಕೃಷ್ಣ, ಊರು ಸವದತ್ತಿ. ನಮ್ಮ ಅಜ್ಜ ಪಂಚಾಂಗ ನೋಡಿ ಮುಹೂರ್ತ ಹೇಳುತ್ತಿದ್ದರು. ಅಪ್ಪ ಸಂಸ್ಕೃತ ಕಲಿಸುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಬಂದ ನಮ್ಮ ವಂಶ ಬಿಯರಿಗೆ ಬಂದು ಮುಟ್ಟಿದ್ದು ನನ್ನ ಕಾಲದಲ್ಲಿ. ಪುಣೆಯಲ್ಲಿರುವ ನನ್ನ ತಂಗಿಯ ಗಂಡ ಒಮ್ಮೆ, ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಹೋಟೆಲಿಗೆ ನನ್ನನ್ನು ಕರೆದೊಯ್ದು ಐಪಿಎ ಎಂಬುದನ್ನು ಕುಡಿಸಿದ. ಹಾಪ್ಸ್ ಎಂಬ ಹೂವನ್ನು ಧಾರಾಳವಾಗಿ ಹಾಕಿ ಕಹಿ ಮಾಡಿದ ಬಿಯರು ಅದು. ಹಾಗಲಕಾಯಿ ಪಲ್ಯವನ್ನು ಎರಡನೇ ಸಲ ಹಾಕಿಸಿಕೊಳ್ಳುವ ನನಗೆ ಹಿಡಿಸಿಬಿಟ್ಟಿತು. ಗ್ಲಾಸನ್ನು ಬೆಳಕಿಗೆ ಹಿಡಿದೆ. ಬಂಗಾರದ ಬಣ್ಣ, ಆಚೆಯ ಮೇಜಿನಲ್ಲಿ ಕೂತವರ ಮೀಸೆಯ ಕೂದಲು ಸಹ ಎಣಿಸಬಹುದಿತ್ತು. 'ಸೋಸುವಿಕೆ' ಎಂಬ ಪಾಠವನ್ನು ಜೀವಮಾನವಿಡೀ ಕಲಿಸಿದವನಿಗೆ ಇನ್ನೇನು ಬೇಕು? ಅಂದೇ ನಾನು ತಿಳಿ ಐಪಿಎ ಪಂಥಕ್ಕೆ ಸೇರಿದೆ.

ಇದಕ್ಕೆ ಎದುರು ಪಂಥವೊಂದಿದೆ. ಅವರದು ಹೇಝಿ ಐಪಿಎ. ಸೋಸದೆ ಹಾಗೇ ಬಿಟ್ಟದ್ದು. ಕಹಿ ಕಡಿಮೆ, ಹಣ್ಣಿನ ವಾಸನೆ ಜಾಸ್ತಿ, ಮಾವಿನ ರಸಕ್ಕೆ ಯಾರೋ ನೀರು ಬೆರೆಸಿಟ್ಟ ಹಾಗೆ ಮಬ್ಬಾಗಿ ಕಾಣುತ್ತದೆ. ನಾನು ಅದಕ್ಕೆ ರಾಡಿ ಎಂದು ನಾಮಕರಣ ಮಾಡಿದ್ದೆ. ತಿಳಿದವನು ತಿಳಿಯನ್ನೇ ಕುಡಿಯುತ್ತಾನೆ ಎಂಬುದು ನನ್ನ ಸ್ವಂತ ಸಿದ್ಧಾಂತವಾಗಿತ್ತು.

ಮನೆಯಲ್ಲಿ ಇದಕ್ಕೆ ರೇಣು (ನನ್ನ ಹೆಂಡತಿ) ಮಾಡಿದ ಕಾನೂನಿತ್ತು. ತಿಂಗಳ ಎರಡನೇ ಶನಿವಾರ ಒಂದು ಡಬ್ಬಿ ಬಿಯರು, ಅದೂ ಟೆರೇಸಿನ ಮೇಲೆ. ದೇವರ ಮನೆಗೂ, ಎಂಬತ್ತು ದಾಟಿದ ನನ್ನ ತಾಯಿ ಸುಂದರಾಬಾಯಿಗೂ ಅದರ ವಾಸನೆ ತಾಗಕೂಡದು. ನಾನು ನೀರಿನ ಟಾಕಿಯ ಹಿಂದೆ ಒಂದು ಮಣ್ಣಿನ ಹರವಿಯಿಟ್ಟು, ಅದರ ತಣ್ಣನೆಯ ನೀರಿನಲ್ಲಿ ಡಬ್ಬಿ ಮುಳುಗಿಸಿಡುತ್ತಿದ್ದೆ. ಸಂಸಾರ ತಿಳಿಯಾಗಿಯೇ ಹರಿಯುತ್ತಿತ್ತು.

ಆಗ ಮಗಳು ಶರ್ವರಿಗೆ ಒಂದು ಸಂಬಂಧ ಬಂತು. ಶರ್ವರಿ ಬೈಲಹೊಂಗಲದಲ್ಲಿ ಹಲ್ಲಿನ ಡಾಕ್ಟರು. ಹುಡುಗ ಭರತ, ರಾಮದುರ್ಗದಲ್ಲಿ ದನದ ಡಾಕ್ಟರು. ಒಬ್ಬಳು ಮನುಷ್ಯರ ಹಲ್ಲು ನೋಡುವವಳು, ಇನ್ನೊಬ್ಬ ಎತ್ತಿನ ಹಲ್ಲು ನೋಡುವವ. ಇದಕ್ಕಿಂತ ಕೂಡಿಬರುವ ಜಾತಕ ಯಾವುದು? ಹುಡುಗನ ತಂದೆ ಮಿಲಿಂದರಾವ್ ನವಿಲುತೀರ್ಥದ ಡ್ಯಾಮಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು, ಮುನವಳ್ಳಿಯಲ್ಲಿ ಮನೆ.

ಕನ್ಯಾ ನೋಡಲು ಬರುವ ದಿನ ರೇಣು ಬೆಳಿಗ್ಗೆಯೇ ಎಚ್ಚರಿಕೆ ಕೊಟ್ಟಳು.

"ನೋಡ್ರಿ, ಅವರ ಮುಂದ ಆ ನಿಮ್ಮ ಡಬ್ಬಿ ಮಾತು ತಗದೀರಿ ಅಂದ್ರ!"

"ನಾ ಯಾಕ ತಗೀಲಿ?"

"ನಿಮ್ಮ ಬಾಯಿ ನನಗ ಗೊತ್ತದ. ತಳಾ ಇಲ್ಲದ ಜಾಳಗಿ ಅದು."

ನಾನು ಮಾತು ತೆಗೆಯಲಿಲ್ಲ ಎಂಬುದನ್ನು ಇಲ್ಲಿ ಗಟ್ಟಿಯಾಗಿ ಹೇಳಬಯಸುತ್ತೇನೆ. ಬಂದರು, ಸಜ್ಜಿಗೆ ತಿಂದರು, ಅವಲಕ್ಕಿ ತಿಂದರು. ಹುಡುಗ ಹುಡುಗಿ ಒಳಗಿನ ಕೋಣೆಯಲ್ಲಿ ಮಾತಾಡಲು ಕೂತರು. ಮಿಲಿಂದರಾವ್ ಕೈ ತೊಳೆದುಕೊಂಡು ತಾವಾಗಿ ಕೇಳಿದರು:

"ಮಾಸ್ತರ, ನಿಮ್ಮ ಟೆರೇಸಿನ ಮ್ಯಾಲಿಂದ ಯಲ್ಲಮ್ಮನ ಗುಡ್ಡ ಕಾಣಸ್ತದೇನ್ರಿ?"

"ಛಲೋ ಕಾಣಸ್ತದ, ಬರ್ರಿ."

ಮೇಲೆ ಹೋದೆವು. ಅವರು ಗುಡ್ಡದ ಕಡೆ ಒಂದು ನಮಸ್ಕಾರ ಹಾಕಿದರು. ಟಾಕಿಯ ಹಿಂದಿನ ಹರವಿಯ ಕಡೆ ಮಾತ್ರ ಬಹಳ ಹೊತ್ತು ನೋಡಿದರು. ಅದರ ಮುಚ್ಚಳ ಸರಿದಿತ್ತು.

"ಮಾಸ್ತರ," ದನಿ ಇಳಿಸಿದರು, "ಅದು ಐಪಿಎ ಡಬ್ಬಿ ಅಲ್ಲೇನ್ರಿ?"

"ನಿಮಗ ಹ್ಯಾಂಗ ಗೊತ್ತು?"

"ಗೊತ್ತಿರಲಾರದ ಏನ್ರಿ! ನಾನೂ ಅದನ್ನ ತಗೋತೀನಿ. ಬೆಳಗಾವಿಯಿಂದ ತರಸ್ತೀನಿ. ನಮ್ಮ ಮುನವಳ್ಳ್ಯಾಗ ಈ ವಿಷಯ ಮಾತಾಡಲಿಕ್ಕೆ ಒಂದು ಮನುಷ್ಯಾ ಇಲ್ರಿ."

"ಇಲ್ಲೂ ಇಲ್ರಿ!"

ನಾವು ಕೈ ಕೈ ಹಿಡಿದುಕೊಂಡೆವು. ಕನ್ಯಾದಾನ ಆಗಲೇ ಮುಗಿದ ಹಾಗಿತ್ತು. ಅಷ್ಟರಲ್ಲಿ ಅವರು ಡಬ್ಬಿಯನ್ನು ನೀರಿನಿಂದ ಎತ್ತಿ, ಚಾಳೀಸು ಹಾಕಿಕೊಂಡು ಓದಿದರು. ಮುಖ ಸಣ್ಣದಾಯಿತು.

"ಅಯ್ಯ. ಇದು ತಿಳಿ ಅದಲ್ರಿ?"

"ಮತ್ತ?"

"ಅಲ್ರಿ, ಬಿಯರು ಅಂದ್ರ ಅದಕ್ಕ ಒಂದು ಮೈ ಇರಬೇಕು. ಇದು ಬರೇ ಬಣ್ಣದ ನೀರು."

ಸಂಬಂಧದ ಮಾತಿನಲ್ಲಿ ಹುಡುಗಿಯ ತಂದೆ ತಗ್ಗಿ ನಡೆಯಬೇಕೆಂಬುದು ನನಗೂ ಗೊತ್ತು. ಆದರೆ ತತ್ವದ ಪ್ರಶ್ನೆ ಬಂದಿತ್ತು.

"ಮಿಲಿಂದರಾವ್, ನೀವು ಆ ರಾಡಿ ಪೈಕಿಯವರೇನು?"

"ರಾಡಿ ಅನಬ್ಯಾಡ್ರಿ. ಹೇಝಿ."

"ಹೆಸರು ಇಂಗ್ಲೀಷಿನಾಗ ಇಟ್ರ ರಾಡಿ ತಿಳಿ ಆಗ್ತದೇನ್ರಿ?"

"ನಾ ಇಡೀ ನೌಕರಿ ಡ್ಯಾಮಿನ ಮ್ಯಾಲೆ ಮಾಡೀನಿ, ಮಾಸ್ತರ. ಮಳಿಗಾಲದಾಗ ಮಲಪ್ರಭಾದ ಕೆಂಪು ನೀರು ಬರ್ತದಲ್ಲ, ಹೊಲಕ್ಕ ಬೇಕಾದ್ದೆಲ್ಲಾ ಅದರಾಗ ಇರತದ. ತಿಳಿ ನೀರಿನಾಗ ಏನಿರತದ? ನೀರು!"

"ಹಂಗಾರ ಹೊಲಕ್ಕ ಹಾಕ್ರಿ! ಗ್ಲಾಸಿನಾಗ ಯಾಕ ಹಾಕ್ಕೋತೀರಿ?"

ನಮ್ಮ ದನಿ ಮೆಟ್ಟಿಲಿಳಿದು ಪಡಸಾಲೆ ಮುಟ್ಟಿತ್ತೆಂದು ಕಾಣುತ್ತದೆ. ರೇಣು ಕೆಳಗಿನಿಂದ "ಚಹಾ ಆಗ್ಯದ ಬರ್ರೀ" ಎಂದು ಕೂಗಿದಳು. ಆ 'ಬರ್ರೀ'ಯ ಉದ್ದದಲ್ಲೇ ನನಗೆ ಸೂಚನೆಯಿತ್ತು. ಇಳಿದು ಬಂದು ಕೂತೆವು. ನನ್ನ ತಾಯಿ ಕೇಳಿದರು:

"ಏನದು ಜಗಳ, ಬಾಳೂ?"

"ಜಗಳ ಅಲ್ಲವ್ವಾ. ಕಷಾಯದ ಮಾತು."

ಮಿಲಿಂದರಾವ್ ಡ್ಯಾಮಿನ ಗೇಟು ನೋಡಿದ ಮನುಷ್ಯ. ಸಂದರ್ಭ ನೋಡಿ ಕೂಡಲೇ ಬಾಗಿಲು ಎತ್ತಿದರು. "ಹೌದ್ರಿ ಅಮ್ಮಾ. ಕಷಾಯ ಸೋಸಬೇಕೋ, ಹಂಗ ಕುಡೀಬೇಕೋ ಅಂತ."

"ಸೋಸಬಾರದಪಾ," ಎಂದರು ನನ್ನ ತಾಯಿ, "ಸತ್ವ ಎಲ್ಲಾ ತಳದಾಗ ಇರತದ."

"ಕೇಳಿದ್ರೇನು ಮಾಸ್ತರ! ಹಿರಿಯರ ಮಾತು!"

"ಅವ್ವಾ, ನಿನಗ ಅದರಾಗಿಂದು ತಿಳಿಯಂಗಿಲ್ಲ, ಸುಮ್ಮನಿರು."

"ನನಗ ತಿಳಿಯಂಗಿಲ್ಲ? ನಿನ್ನ ಹೊಟ್ಟಿನೋವಿಗೆ ಕಷಾಯ ಮಾಡಿ ಹಾಕಿದವರು ಯಾರು?"

"ಅಮ್ಮಾವರಿಗೆ ಇರೋ ತಿಳುವಳಿಕಿ ಮಾಸ್ತರಿಗೆ ಇಲ್ಲ ನೋಡ್ರಿ," ಎಂದು ಮಿಲಿಂದರಾವ್ ನಕ್ಕರು.

ಆ ನಗೆಯನ್ನು ನನಗೆ ಸಹಿಸಲಾಗಲಿಲ್ಲ. ನನ್ನ ಮನೆಯಲ್ಲಿ, ನನ್ನ ಸಜ್ಜಿಗೆ ತಿಂದು, ನನ್ನ ತಾಯಿಯನ್ನೇ ತಮ್ಮ ಪಂಥಕ್ಕೆ ಸೇರಿಸಿಕೊಂಡಿದ್ದರು. ಬಾಯಿಂದ ಮಾತು ಹೊರಟೇಹೋಯಿತು:

"ಸೋಸಲಾರದ್ದನ್ನ ಕುಡಿಯೋರ ಮನಿಗೆ ನಾ ಮಗಳನ್ನ ಹ್ಯಾಂಗ ಕೊಡಲಿ?"

ಒಳಗಿನ ಕೋಣೆಯಲ್ಲಿ ಮಾತಾಡುತ್ತಿದ್ದ ಎರಡು ದನಿಗಳೂ ನಿಂತವು. ಮಿಲಿಂದರಾವ್ ಚಹಾದ ಬಸಿಯನ್ನು ಕೆಳಗಿಟ್ಟು ಎದ್ದರು. "ಹೋಗಿ ತಿಳಸ್ತೀವ್ರಿ" ಎಂದರು. ತಿಳಿ ಎಂಬ ಶಬ್ದ ಆ ದಿನ ಅವರ ಬಾಯಿಂದ ಗೌರವದಿಂದ ಬಂದದ್ದು ಅದೊಂದೇ ಸಲ.

ಅವರ ಕಾರು ತಿರುಗಿದ ಮೇಲೆ ರೇಣು ಏನಂದಳೆಂಬುದನ್ನು ಬರೆಯುವುದಿಲ್ಲ. ನಿಮ್ಮ ನಿಮ್ಮ ಮನೆಯ ಅನುಭವದಿಂದ ತುಂಬಿಕೊಳ್ಳಿ. ನನಗೆ ತಾಗಿದ್ದು ಶರ್ವರಿಯ ಮಾತು. ಅವಳು ಬಯ್ಯಲಿಲ್ಲ. ಬೈಲಹೊಂಗಲದ ಬಸ್ಸಿಗೆ ಹೊರಟವಳು, ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು:

"ಇಷ್ಟ ದಿನ ನೋಡ್ಲಿಕ್ಕೆ ಬಂದವರೆಲ್ಲಾ ತಮ್ಮದ ಹೇಳ್ಕೋತಿದ್ರು, ಅಪ್ಪಾ. ಇಂವ ನಾ ಹೇಳಿದ್ದು ಕೇಳಿದ. ನನಗ ಮನಸಿಗೆ ಬಂದಿದ್ದ."

"ಅದಕ್ಕೇನಾತು, ಶರೂ, ಅವರು ತಿಳಸ್ತೀವಿ ಅಂದಾರಲ್ಲ."

"ತಿಳಸ್ತೀವಿ ಅಂದವರು ಯಾರು ತಿಳಿಸ್ಯಾರ?"

ಆ ಶನಿವಾರ ಟೆರೇಸಿನ ಮೇಲೆ ಡಬ್ಬಿ ಒಡೆದೆ. ಗ್ಲಾಸಿನ ಆಚೆ ಗುಡ್ಡ ಸ್ಪಷ್ಟವಾಗಿ ಕಂಡಿತು, ಗುಡ್ಡದ ರಸ್ತೆಯ ಗಾಡಿಗಳೂ ಕಂಡವು. ಚಪ್ಪಲಿ ಹಾಕಿಕೊಳ್ಳುತ್ತಿದ್ದ ಮಗಳ ಮುಖವೂ ಕಂಡಿತು. ತಿಳಿಯಾಗಿರುವುದರ ತೊಂದರೆ ಇದೊಂದು. ಅರ್ಧಕ್ಕೆ ಬಿಟ್ಟು ಇಳಿದು ಬಂದೆ.

ಮುನವಳ್ಳಿಯಿಂದ ಫೋನು ಬರಲಿಲ್ಲ. ಒಂದು ದಿನ ರೇಣು ತಾನಾಗಿಯೇ ಹೇಳಿದಳು:

"ನಾಳೆ ಮುನವಳ್ಳಿಗೆ ಹೋಗೋಣ. ರಾಡೀನ ಛಲೋ ಅಂತ ಅವರ ಮುಂದ ಒಪ್ಪಿಕೊಂಡು ಬರ್ರಿ."

"ಅಲ್ಲ, ನಾ ಇಡೀ ಜನ್ಮ ಸೋಸೂದು ಕಲಿಸೀನಿ..."

"ಸೋಸಿ ಸೋಸಿ ಮಗಳಿಗೆ ಬಂದ ಹುಡುಗೂರನ್ನೆಲ್ಲಾ ಹೊರಗ ಹಾಕೀರಿ."

ಒಪ್ಪಿದೆ. ಪರಿಚಯದವರಿಗೆ ಹೇಳಿ ಬೆಳಗಾವಿಯಿಂದ ಒಂದು ಹೇಝಿ ಡಬ್ಬಿ ತರಿಸಿ, ಟವೆಲಿನಲ್ಲಿ ಸುತ್ತಿ, ಹಣ್ಣಿನ ಚೀಲದ ತಳಕ್ಕಿಟ್ಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ತಪ್ಪು ಉತ್ತರವನ್ನು ಸರಿಯೆಂದು ಬರೆಯುವ ಹುಡುಗನ ಸಂಕಟ ಮಾಸ್ತರನಾದ ನನಗೆ ಅಂದು ಅರ್ಥವಾಯಿತು.

ಮಿಲಿಂದರಾವ್ ಬಾಗಿಲಲ್ಲೇ ನಿಂತಿದ್ದರು. "ಬರ್ರಿ ಬರ್ರಿ ಮಾಸ್ತರ" ಎಂದು ಕೈ ಹಿಡಿದು ಒಳಗೆ ಕರೆದರು. ರೇಣು ಅವರ ಹೆಂಡತಿಯ ಜೊತೆ ಅಡುಗೆಮನೆಗೆ ಹೋದಳು. ನಾವಿಬ್ಬರೂ ಹಿಂದಿನ ಕೋಣೆಯಲ್ಲಿ ಕೂತೆವು. ಕೂತವನೇ ಚೀಲದಿಂದ ಡಬ್ಬಿ ತೆಗೆದು ಅವರ ಮುಂದಿಟ್ಟೆ.

"ಮಿಲಿಂದರಾವ್, ನಾ ಕೂತು ವಿಚಾರ ಮಾಡಿದೆ. ನೀವಂದದ್ದ ಖರೆ. ಹೇಝಿನ ಛಲೋ."

ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಎದ್ದು ಫ್ರಿಜ್ಜಿನ ಬಾಗಿಲು ತೆಗೆದರು. ಒಳಗೆ ನನ್ನ ಜಾತಿಯ ಡಬ್ಬಿ, ತಿಳಿ ಐಪಿಎ, ತಣ್ಣಗೆ ಬೆವರುತ್ತ ಕೂತಿತ್ತು.

"ನಾನೂ ವಿಚಾರ ಮಾಡೀನ್ರಿ ಮಾಸ್ತರ. ತಿಳೀನ ಖರೆ."

ಬುದ್ಧಿ ಇದ್ದವರಾಗಿದ್ದರೆ ಇಲ್ಲಿಗೆ ನಕ್ಕು, ಡಬ್ಬಿ ಅದಲುಬದಲು ಮಾಡಿಕೊಂಡು, ಮದುವೆಯ ಮಾತು ತೆಗೆಯುತ್ತಿದ್ದರು. ನಾವು ಸಭ್ಯಸ್ಥರು. ಒಪ್ಪಿಕೊಂಡದ್ದು ಖರೆ ಎಂದು ತೋರಿಸಬೇಕಿತ್ತು. ನಾನು ಮಬ್ಬನ್ನು ಗ್ಲಾಸಿಗೆ ಸುರಿದುಕೊಂಡೆ, ಅವರು ತಿಳಿಯನ್ನು. ನನಗೆ ಪೇರಲಹಣ್ಣಿನ ಸಿಹಿ ಗುಳಂಬವನ್ನು ನೀರಿಗೆ ಕದಡಿ ಕುಡಿದ ಹಾಗಾಯಿತು. ಅವರ ಹುಬ್ಬು ಕಹಿಗೆ ನೆತ್ತಿಯವರೆಗೆ ಹೋಯಿತು.

"ಆಹಾ," ಎಂದೆ.

"ಆಹಾಹಾ," ಎಂದರು ಅವರು.

"ಇದರಾಗ ಮೈ ಅದ ನೋಡ್ರಿ."

"ಇರಬಹುದು. ಆದ್ರ ಕಣ್ಣಿಗೆ ಇದರಷ್ಟು ಛಂದ ಇಲ್ಲ."

"ಕಣ್ಣು ತಗೊಂಡು ಏನ ಮಾಡ್ತೀರಿ? ಹೊಲಕ್ಕ ಬೇಕಾದ್ದೆಲ್ಲಾ ಕೆಂಪು ನೀರಿನಾಗ ಇರತದ ಅಂತ ನೀವ ಅಂದಿದ್ರಿ."

"ಅಂದಿದ್ದೆ, ತಪ್ಪು ಅಂದಿದ್ದೆ. ಹೊಲಕ್ಕ ಹಾಕೂದನ್ನ ಗ್ಲಾಸಿಗೆ ಯಾಕ ಹಾಕಬೇಕ್ರಿ?"

"ನನ್ನ ಮಾತು ನನಗ ಹೇಳಬ್ಯಾಡ್ರಿ!"

"ಮತ್ತ ನೀವು ಹೇಳಿದ್ದು ಯಾರ ಮಾತು?"

"ಸತ್ವ ತಳದಾಗ ಇರತದ!" ಎಂದು ನಾನು ಕೂಗಿದೆ.

"ಸೋಸಲಾರದ್ದು ರಾಡಿ!"

"ರಾಡಿ ಅನಬ್ಯಾಡ್ರಿ!"

ಯಾವಾಗ ಎದ್ದು ನಿಂತೆವೋ ಗೊತ್ತಿಲ್ಲ. ಅವರ ಗ್ಲಾಸು ನನ್ನ ಮೂಗಿನ ಹತ್ತಿರ, ನನ್ನ ಗ್ಲಾಸು ಅವರ ಮೂಗಿನ ಹತ್ತಿರ ಅಲ್ಲಾಡುತ್ತಿದ್ದವು. ಮನಸ್ಸಿನಿಂದ ಎಂದೂ ನಂಬದ ಸಂಗತಿಗಾಗಿ ಮನುಷ್ಯ ಎಷ್ಟು ಪ್ರಾಮಾಣಿಕವಾಗಿ ಸಿಟ್ಟಾಗಬಲ್ಲ ಎಂಬುದು ಅಂದು ನನಗೆ ತಿಳಿಯಿತು. ಕೊನೆಗೆ ನನ್ನ ದನಿ ನನಗೇ ಕೇಳಿಸಿತು:

"ತಿಳಿ ಕುಡಿಯೋರ ಮನಿಗೆ ನಾ ಮಗಳನ್ನ ಕೊಡಂಗಿಲ್ಲ!"

ಬಾಗಿಲಲ್ಲಿ ರೇಣು ನಿಂತಿದ್ದಳು. ಪಕ್ಕದಲ್ಲಿ ಬೀಗತಿ, ಕೈಯಲ್ಲಿ ಅರಿಷಿಣ ಕುಂಕುಮದ ಬಟ್ಟಲು.

"ಕೊಟ್ಟಾತು," ಎಂದಳು ರೇಣು, "ತಾರೀಖೂ ಆತು. ಗ್ಲಾಸು ಕೆಳಗಿಟ್ಟು ಬಂದು ಸಕ್ಕರಿ ತಿನ್ರಿ ಇಬ್ರೂ."

ಮದುವೆ ಚೆನ್ನಾಗಿಯೇ ಆಯಿತು. ಕಷ್ಟ ಶುರುವಾದದ್ದು ಆಮೇಲೆ. ನಾನು ಹೇಝಿ ಭಕ್ತನೆಂದು ಎರಡೂ ಮನೆಗಳಲ್ಲಿ ದಾಖಲಾಗಿಹೋಗಿತ್ತು. ಬೀಗರು ಪ್ರತಿ ತಿಂಗಳೂ ತಪ್ಪದೆ ನನಗೆ ಹೇಝಿ ಕಳಿಸುತ್ತಾರೆ. ನಾನು ಅವರಿಗೆ ತಿಳಿ ಕಳಿಸಬೇಕು, ನನ್ನ ಕೈಯಾರೆ, ಅದರ ತಣ್ಣನೆಯ ಮೈಯನ್ನು ಒಮ್ಮೆ ಸವರಿ. ಹರವಿಯಲ್ಲಿ ಈಗ ರಾಡಿಯದೇ ವಾಸ. ಕುಡಿಯದಿದ್ದರೆ ರೇಣು, "ಬೀಗರು ಪ್ರೀತಿಲೆ ಕಳಿಸ್ಯಾರ, ಹಂಗ ಬಿಡಬಾರದು" ಎನ್ನುತ್ತಾಳೆ. ಮೊದಲು ಒಂದು ಡಬ್ಬಿಗೆ ಗುಡುಗುತ್ತಿದ್ದವಳು!

ದೀವಳಿಗೆಗೆ ಅಳಿಯ ಮಗಳು ಬಂದಾಗ, ಭರತನನ್ನು ಟೆರೇಸಿಗೆ ಕರೆದು ವಿಷಯಕ್ಕೆ ಬಂದೆ.

"ನೋಡ್ರಿ ಭರತ, ನಿಮ್ಮ ಅಪ್ಪಾವರ ಹತ್ತರ ನನ್ನ ಡಬ್ಬಿ ಇರತಾವಲ್ಲ, ಒಂದೆರಡು ತಿರುಗಿ ತಂದುಕೊಟ್ರ..."

ಅವನು ನಕ್ಕ. "ಅಪ್ಪನೂ ಇದನ್ನ ಕೇಳಿದ್ರು, ಮಾವಾರ."

"ಹೌದ? ಮತ್ತೇನು, ಬದಲಿ ಮಾಡಿಬಿಡ್ರಿ!"

"ಆಗಂಗಿಲ್ರಿ. ನಮ್ಮವ್ವ, ಇಲ್ಲಿ ಅತ್ತಿಯವರು, ಇಬ್ರೂ ನೀವು ಮುನವಳ್ಳಿಗೆ ಬರೂಕಿಂತ ಮೊದಲ ಫೋನಿನ್ಯಾಗ ಮಾತಾಡ್ಕೊಂಡಿದ್ರಂತ. ಗಂಡಸರಿಬ್ರೂ ಒಪ್ಪಿಕೋಲಿ, ಒಬ್ಬರದು ಇನ್ನೊಬ್ರು ಕುಡೀಲಿ ಅಂತ. ಇಷ್ಟು ವರ್ಷ ಬಯ್ದ್ರೂ ಬಿಡದ ಚಟ ಈಗ ತಾನ ಬಿಡಲಿಕ್ಕತ್ತದ, ಯಾರೂ ಕೈ ಹಚ್ಚಬ್ಯಾಡ್ರಿ ಅಂದಾರ. ಅಪ್ಪ ಈಗ ಎರಡು ಗುಟುಕು ತಗೊಂಡು ಉಳಿದದ್ದು ಮಲ್ಲಿಗಿ ಬುಡಕ್ಕ ಹಾಕ್ತಾರ."

ನನ್ನ ಕಣ್ಣು ತಾನಾಗಿ ಪಕ್ಕಕ್ಕೆ ಸರಿಯಿತು. ಮೂಲೆಯ ಕುಂಡದಲ್ಲಿದ್ದ ನಮ್ಮ ಕರಿಬೇವಿನ ಗಿಡ ಗಾಳಿಗೆ ತಲೆದೂಗುತ್ತಿತ್ತು. ಈಚೆಗೆ ಅದು ಭಾರಿ ಹುಲುಸಾಗಿ ಬೆಳೆದಿತ್ತು. ಭರತನ ಕಣ್ಣೂ ಅದರ ಮೇಲೆ ಹೋಯಿತು. ವೈದ್ಯನಲ್ಲವೇ, ಬಾಯಿ ಬಿಡದ ರೋಗಿಗಳನ್ನು ನೋಡಿ ರೂಢಿ, ಏನೂ ಕೇಳಲಿಲ್ಲ.

ಅಷ್ಟರಲ್ಲಿ ರೇಣು ಬುಟ್ಟಿ ಹಿಡಿದು ಮೇಲೆ ಬಂದಳು. ಸೀದಾ ಗಿಡದ ಹತ್ತಿರ ಹೋಗಿ, ಒಂದು ಎಲೆ ಕಿತ್ತು ಮೂಸಿ ನೋಡಿದಳು.

"ಗಿಡಕ್ಕ ಹಾಕೂದು ಇನ್ನ ಸಾಕು ಮಾಡ್ರಿ," ಎಂದಳು ನನ್ನ ಕಡೆ ತಿರುಗದೆ, "ಇದರ ವಗ್ಗರಣಿ ಹಾಕಿದಾಗಿಂದ ಅತ್ತಿಯವರು ಸಾರು ಮೂರು ಮೂರು ಸಲ ಹಾಕಿಸ್ಕೊಳಿಕ್ಕೆ ಹತ್ಯಾರ."