ಗೊಂಬೆಯ ಕೈಗೆ ಛತ್ರಿಯ ಕಡ್ಡಿ

ನಮ್ಮ ಕಾಕಾರ ಕೈಗೆ ಒಮ್ಮೆ ಸಿಕ್ಕ ಛತ್ರಿ ಮತ್ತೆ ಮಳೆ ಕಂಡದ್ದಿಲ್ಲ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ, ಹೈದರಾಬಾದಿನ ಹಿಮಾಯತ್‌ನಗರದ ನಮ್ಮ ಗಲ್ಲಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಮಳೆಗಾಲದಲ್ಲಿ ನಮ್ಮ ಮನೆಗೆ ಬರುವವರು ಛತ್ರಿಯನ್ನು ಎದುರಿನ ಕಿರಾಣಿ ಅಂಗಡಿಯಲ್ಲಿಟ್ಟು, ನೆನೆಯುತ್ತಲೇ ರಸ್ತೆ ದಾಟಿ ಬರುತ್ತಿದ್ದರು! ಕಾಕಾಗೆ ಛತ್ರಿಯ ಬಟ್ಟೆ ಬೇಡ, ಹಿಡಿಕೆಯೂ ಬೇಡ. ಬೇಕಾದದ್ದು ಒಳಗಿನ ಕಡ್ಡಿ ಮಾತ್ರ. ಯಾಕೆ ಅಂತೀರಾ? ಗೊಂಬೆಗಳ ಕೈಗೆ ಕಟ್ಟಲು!

ಕಾಕಾ ಅಂದರೆ ನಮ್ಮ ತಂದೆಯ ತಮ್ಮ. ರಾಯಚೂರು ಕಡೆಯಿಂದ ಬಂದು ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ವಿಮಾನದ ಚಾಲಕನ ಎದುರಿಗೆ ಗಡಿಯಾರದಂಥ ಡಬ್ಬಿಗಳಿರುತ್ತವಲ್ಲ, ಅವುಗಳ ಮುಳ್ಳು ಕೂರಿಸುವ ಕೆಲಸ. ಉಸಿರು ಬಿಗಿಹಿಡಿದು, ಕೂದಲಿನಷ್ಟು ತೆಳ್ಳಗಿನ ಮುಳ್ಳನ್ನು ಒಂದೇ ಸಲಕ್ಕೆ ಕೂರಿಸುತ್ತಿದ್ದರಂತೆ. ಅಂಥ ಕೈ, ನಿವೃತ್ತರಾದ ಮೂರನೆಯ ವರ್ಷ ನಡುಗತೊಡಗಿತು. ಬಲಗೈ. ಮೊದಲು ಚಹಾದ ಬಸಿಯಲ್ಲಿ ಕಪ್ಪು ಸಣ್ಣಗೆ ಕಟಕಟ ಅಂದಿತು, ಆಮೇಲೆ ಪೇಪರಿನ ಅಂಚು ಅಲುಗಿತು. ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು, ಒಬ್ಬರನ್ನು ಬಿಟ್ಟು. ಆ ಒಬ್ಬರು ಕಾಕಾ! ಕಪ್ಪಿನ ಹಿಡಿ ಸರಿಯಿಲ್ಲ ಅಂದರು, ಫ್ಯಾನಿನ ಗಾಳಿ ಜಾಸ್ತಿ ಅಂದರು. ಡಾಕ್ಟರ ಹೆಸರೆತ್ತಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದರು.

ನಾವಿದ್ದದ್ದು ಒಂದೇ ಕಟ್ಟಡದಲ್ಲಿ. ಕೆಳಗೆ ಕಾಕಾ ಮತ್ತು ಅವರ ಹೆಂಡತಿ ಕಾಕು, ಮೇಲೆ ನಾನು ಮತ್ತು ನಮ್ಮವರು, ತಾರಸಿಯ ಕೋಣೆಯಲ್ಲಿ ಬಾಡಿಗೆಗೆ ಶ್ವೇತಾ ಎಂಬ ಮೈಸೂರಿನ ಹುಡುಗಿ. ಅಮೀರ್‌ಪೇಟೆಯ ಗೋಡೆಗಳ ತುಂಬ ಕಂಪ್ಯೂಟರ್ ಕ್ಲಾಸಿನ ಬೋರ್ಡು ಏರುತ್ತಿದ್ದ, ಊರಾಚೆಯ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಊರಿಗೇ ಕಾಲು ನಿಲ್ಲುತ್ತಿರಲಿಲ್ಲ. ಕಾಕಾಗಂತೂ ಮೊದಲೇ ಇಲ್ಲ. ಬೆಳಿಗ್ಗೆ ಹಾಲಿನವನು ಬರುವಷ್ಟರಲ್ಲಿ ಗೇಟಿಗೆ ಎಣ್ಣೆ ಬಿಟ್ಟಾಗಿರುತ್ತಿತ್ತು. ಏಳಕ್ಕೆ ನಲ್ಲಿಗಳ ತಪಾಸಣೆ. ಎಂಟಕ್ಕೆ ನನ್ನ ಕುಕ್ಕರಿನ ಹಿಡಿಗೆ ಸ್ಕ್ರೂ ಬಿಗಿಯುವುದು, ಒಳಗೆ ಬೇಳೆ ಕುದಿಯುತ್ತಿದ್ದರೂ ಸರಿಯೇ! ಹತ್ತು ಗಂಟೆಗೆ ಮನೆಯಲ್ಲಿ ಬಿಗಿಯುವುದಕ್ಕೆ ಏನೂ ಉಳಿಯದೆ, ಪಡಸಾಲೆಯಲ್ಲಿ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗುತ್ತಿದ್ದರು.

ಹಾಗೆ ತಿರುಗುತ್ತಿದ್ದಾಗಲೇ ಅವರ ಕಣ್ಣು ಕಾಕುವಿನ ಗೊಂಬೆಗಳ ಮೇಲೆ ಬಿತ್ತು. ಕಾಕು ಮಹಿಳಾ ಮಂಡಳದ ಮಕ್ಕಳಿಗಾಗಿ ಕಾಗದದ ಮುದ್ದೆಯಿಂದ ತಲೆ ಮಾಡಿ, ಹಳೆಯ ಸೀರೆಗಳಿಂದ ಮೈ ಹೊಲಿದು, ಆರು ಗೊಂಬೆ ಮಾಡಿಟ್ಟಿದ್ದಳು. ರಾಜ, ರಾಣಿ, ಮಂತ್ರಿ, ಅಜ್ಜಿ, ಕಳ್ಳ, ಸಿಪಾಯಿ.

“ಇವುಗಳ ಕೈ ಯಾಕ ಹಿಂಗ ಜೋತು ಬಿದ್ದಾವ?” ಅಂದರು ಕಾಕಾ.

“ಗೊಂಬಿ ಅದಾವ್ರಿ. ಜೋತು ಬೀಳದ ಏನ್ ರೊಟ್ಟಿ ಬಡೀತಾವ?”

“ಬಡೀಬೇಕು!”

ಶುರುವಾಯಿತು ನೋಡಿ! ಗೊಂಬೆಯ ಬೆನ್ನಿಗೆ ಒಂದು ಕೋಲು, ಎರಡೂ ಮಣಿಕಟ್ಟಿಗೆ ಒಂದೊಂದು ಕಡ್ಡಿ. ಎಡಗೈಯಲ್ಲಿ ಕೋಲು ಹಿಡಿದು, ಬಲಗೈಯಿಂದ ಕೆಳಗಿನಿಂದಲೇ ಕಡ್ಡಿ ಆಡಿಸಿದರೆ ಗೊಂಬೆ ಕೈ ಎತ್ತುತ್ತದೆ, ಮುಗಿಯುತ್ತದೆ, ತಲೆ ಚಚ್ಚಿಕೊಳ್ಳುತ್ತದೆ. ಇದಕ್ಕೆ ಛತ್ರಿಯ ಕಡ್ಡಿಯಷ್ಟು ಒಳ್ಳೆಯದು ಭೂಮಿಯ ಮೇಲಿಲ್ಲ ಎಂದು ಕಾಕಾರ ತೀರ್ಮಾನ. ಹಗುರ, ನೆಟ್ಟಗೆ, ಮೇಲಾಗಿ ತುದಿಯಲ್ಲಿ ಬಟ್ಟೆ ಹೊಲಿಯುವ ಸಣ್ಣ ತೂತು ಇದ್ದೇ ಇರುತ್ತದೆ.

ಒಮ್ಮೆ ವಿಮೆಯ ಏಜೆಂಟರೊಬ್ಬರು ಏನೂ ತಿಳಿಯದೆ ಛತ್ರಿ ಸಮೇತ ಒಳಗೆ ಬಂದರು. ಪಾಪ, ಮನುಷ್ಯನಿಗೆ ಎಲ್ಲೆಲ್ಲಿ ಏನೇನು ಅಪಾಯ ಕಾದಿದೆ ಎಂದು ನನಗೂ ಕಾಕುವಿಗೂ ಒಂದು ಗಂಟೆ ವಿವರಿಸಿದರು. ಹೊರಡುವಾಗ ಬಾಗಿಲಲ್ಲಿ ಛತ್ರಿ ಬಿಚ್ಚಿದರೆ, ಬಟ್ಟೆ ಒದ್ದೆ ಲುಂಗಿಯ ಹಾಗೆ ತಲೆಯ ಮೇಲೆ ಇಳಿಯಿತು! ಕಾಕಾ ತುಂಬ ಗಂಭೀರವಾಗಿ, ತಮ್ಮ ಹರಕು ಹಿಂದಿಯಲ್ಲಿ, ಛತ್ರಿಗೆ ವಿಮೆ ಮಾಡಿಸಿಲ್ಲವೇ ಎಂದು ಕೇಳಿದರು.

ನನ್ನನ್ನಾದರೂ ಬಿಟ್ಟರೇ? ನಮ್ಮವರಿಗೆ ಸ್ವೆಟರ್ ಹೆಣೆಯುತ್ತಿದ್ದೆ. ಹೈದರಾಬಾದಿನಲ್ಲಿ ಸ್ವೆಟರ್ ಯಾಕೆ ಅನ್ನಬೇಡಿ, ಚಳಿಗಾಲದಲ್ಲಿ ಹತ್ತು ದಿನ ಬೇಕಾಗುತ್ತದೆ. ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಹೆಣಿಕೆಯ ಕಡ್ಡಿಗಳಿಲ್ಲ. ಎಡತೋಳು ಮೊಣಕೈವರೆಗೆ ಬಿಚ್ಚಿಕೊಂಡು ನೆಲದ ಮೇಲೆ ಸುರುಳಿಯಾಗಿ ಬಿದ್ದಿದೆ. ಕೆಳಗೆ ಓಡಿದೆ. ಮಂತ್ರಿಯ ಎರಡೂ ಕೈಗೆ ನನ್ನ ಕಡ್ಡಿ!

“ಕಾಕಾ, ಇವು ನನ್ನವು!”

“ಏ ಹುಡುಗಿ, ನಿನ್ನ ಗಂಡಗ ಒಂದು ತೋಳು ಇಲ್ಲಂದ್ರ ನಡೀತೈತಿ. ಮಂತ್ರಿಗೆ ನಡ್ಯಾಂಗಿಲ್ಲ.”

ನನಗಾಗ ನಲವತ್ತಾರು. ಅವರಿಗೆ ನಾನಿನ್ನೂ ಹುಡುಗಿ.

ಇನ್ನು ಅವರ ಜೋಡಣೆಯ ಬಗ್ಗೆ ಹೇಳಬೇಕು. ಕಾರ್ಖಾನೆಯಲ್ಲಿ ಸಡಿಲ ಅಂದರೆ ಅಪರಾಧ. ಎಲ್ಲೋ ಒಂದು ಕೂದಲಿನಷ್ಟು ಸಡಿಲವಿದ್ದರೂ ಡಬ್ಬಿ ವಾಪಸು. ಆ ನಿಯಮವನ್ನೇ ಗೊಂಬೆಗೂ ಹೇರಿದರು. ಮಣಿಕಟ್ಟಿಗೆ ತಾಮ್ರದ ತಂತಿಯನ್ನು ಹನ್ನೆರಡು ಸುತ್ತು ಬಿಗಿದು, ಕಡ್ಡಿಯ ತೂತಿಗೆ ಸೇರಿಸಿ, ಇಕ್ಕಳದಿಂದ ತಿರುಪಿ, ಅಲುಗಾಡದಂತೆ ಮಾಡಿಬಿಡುತ್ತಿದ್ದರು. ಮೊದಲ ಪ್ರಯೋಗಕ್ಕೆ ನಮ್ಮನ್ನೆಲ್ಲ ಕೂರಿಸಿದರು. ರಾಣಿ ಕೈ ಎತ್ತಿ ಮಂತ್ರಿಗೆ ಆಶೀರ್ವಾದ ಮಾಡಬೇಕು. ಕಡ್ಡಿ ಮೇಲೆ ಹೋಯಿತು. ಕೈ ಮಡಚಲಿಲ್ಲ, ಇಡೀ ರಾಣಿಯೇ ಗಿರ್ರನೆ ತಿರುಗಿ ಮಂತ್ರಿಯ ಕಪಾಳಕ್ಕೆ ಬಾರಿಸಿದಳು. ಮಂತ್ರಿಯ ಪೇಟ ಹಾರಿ ನಮ್ಮವರ ಚಹಾದಲ್ಲಿ ಬಿತ್ತು!

“ರಾಜಕೀಯ ಬರಾಬರ್ ತೋರಿಸೀರಿ, ಮಾವಾರ,” ಅಂದರು ನಮ್ಮವರು, ಪೇಟ ಹಿಂಡುತ್ತ.

“ಜರಾ ಸಡಿಲ ಬಿಡ್ರಿ,” ಅಂದಳು ಕಾಕು. “ದಾರದಿಂದ ಕಟ್ಟಿದ್ರ ಕೈ ತಾನ ಆಡತೈತಿ.”

“ನಾವು ಸಡಿಲ ಬಿಟ್ಟಿದ್ರ ವಿಮಾನ ಹಾರತಿದ್ದುವೇನ?”

“ರಾಣಿ ಎಲ್ಲಿ ಹಾರಾಕ ಹೊಂಟಾಳ್ರಿ?”

ಮೆಟ್ಟಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ಶ್ವೇತಾ ನಕ್ಕು ನಕ್ಕು ಸುಸ್ತಾದಳು. “ಅಂಕಲ್, ಮುಂದಿನ ತಿಂಗಳು ನಮ್ಮ ಆಫೀಸಲ್ಲಿ ಫ್ಯಾಮಿಲಿ ಡೇ ಇದೆ. ಮಕ್ಕಳೆಲ್ಲ ಬರ್ತಾರೆ. ನೀವು ಆಟ ಆಡಿಸಿಕೊಡ್ತೀರಾ?” ಅಂದಳು.

ಕಾಕಾ ನಮ್ಮೆಲ್ಲರ ಮುಖ ನೋಡಿದರು. ತಮ್ಮ ಬಲಗೈಯನ್ನು ಎಡಗೈಯೊಳಗೆ ಮುಚ್ಚಿಕೊಂಡು, “ಆಡಸ್ತೀನಿ” ಅಂದರು. “ಇದೊಂದು ಆಟ ಬರಾಬರ್ ಆಗಲಿಲ್ಲಂದ್ರ ಎಲ್ಲಾ ಟ್ರಂಕಿನಾಗ ಹಾಕಿ ಕೀಲಿ ಜಡೀತೀನಿ. ಮತ್ತ ಕೈ ಹಚ್ಚಾಂಗಿಲ್ಲ.”

ಕಾಕು ಎದ್ದು ಮಂತ್ರಿಯ ಒದ್ದೆ ಪೇಟವನ್ನು ಕಿಟಕಿಯ ಸರಳಿಗೆ ಹರವಿದಳು. ನನಗೋ ಒಂದೇ ಚಿಂತೆ. ಆ ಕೈಗಳಿಗೆ ಮಾಡಲು ಏನೂ ಇಲ್ಲವಾದರೆ ಆ ಮನುಷ್ಯ ಬಾಗಿಲಿಗೂ ಕಿಟಕಿಗೂ ನಡುವೆ ಎಷ್ಟು ವರ್ಷ ತಿರುಗಿಯಾನು?

ಆಮೇಲಿನ ದಿನಗಳು ಯಾರಿಗೂ ಬೇಡ. ಬಿಗಿ ಜೋಡಣೆಯಲ್ಲವೇ, ಕಾಕಾರ ಕೈಯ ನಡುಕ ಒಂದಿಷ್ಟೂ ಸೋರದೆ ಗೊಂಬೆಯ ಕೈಗೆ ತಲುಪುತ್ತಿತ್ತು. ರಾಜ ನಡುಗಿದ, ರಾಣಿ ನಡುಗಿದಳು, ಕಳ್ಳನಿಗೆ ಚಳಿಜ್ವರ ಬಂದ ಹಾಗಾಯಿತು. ಅಜ್ಜಿಯೊಬ್ಬಳಿಗೆ ಒಪ್ಪುತ್ತಿತ್ತು, ಅಷ್ಟೇ! “ಕಡ್ಡಿ ಖರಾಬ್ ಐತಿ” ಅಂದರು ಕಾಕಾ. ಛತ್ರಿಯ ಕಡ್ಡಿ ಹೋಗಿ ಸೈಕಲ್ ಕಡ್ಡಿ ಬಂತು. ಅದು ಭಾರವಾಗಿ ಪರದೆಯ ತಂತಿ ಬಂತು. ನಮ್ಮ ಮಲಗುವ ಕೋಣೆಯ ಕಿಟಕಿ ಬೀದಿಗೆ ಬಯಲಾಯಿತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಸ್ಸು ಹಿಡಿದು ಕಡ್ಡಿ ಬೇಟೆಗೆ ಹೋಗುವರು, ಮೂರಕ್ಕೆ ಬೆವರಿಳಿಸುತ್ತ ಬರುವರು, ಬಿಚ್ಚುವರು, ಕಟ್ಟುವರು, ಮತ್ತೆ ಬಿಚ್ಚುವರು. ಕೊನೆಗೆ ಜೀಡಿಮೆಟ್ಲಾದ ಹಳೆಯ ಗೆಳೆಯರೊಬ್ಬರ ವರ್ಕ್‌ಶಾಪಿನಿಂದ ತೆಳುವಾದ ಸ್ಟೀಲ್ ಕಡ್ಡಿ ತಂದು, ತುದಿಯನ್ನು ತಾವೇ ಕೊಕ್ಕೆಯಾಗಿ ಬಗ್ಗಿಸಿ, ಆರೂ ಗೊಂಬೆಗೆ ಬಿಗಿದರು. ನಡುಕ ಹೋಗಲಿಲ್ಲ. ಆಟಕ್ಕೆ ಒಂದು ವಾರ ಉಳಿದಿತ್ತು.

ಮರುದಿನ ಹನ್ನೊಂದರ ಸುಮಾರಿಗೆ ಕರಿಬೇವು ಕೇಳಲು ಕೆಳಗಿಳಿದೆ. ಕಾಕಾ ಇರಲಿಲ್ಲ, ಅಂಟು ತರಲು ಹೋಗಿದ್ದರು. ಕಾಕು ಕಿಟಕಿಯ ಬೆಳಕಿಗೆ ಕೂತು, ರಾಣಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಾಕಾ ಬಿಗಿದ ತಾಮ್ರದ ತಂತಿಯನ್ನು ಕತ್ತರಿಸುತ್ತಿದ್ದಳು!

“ಕಾಕು! ಏನ್ ಮಾಡಾಕತ್ತೀರಿ?”

“ಬಾಗಲಾ ಮುಚ್ಚು ಮೊದಲ.” ತಾಮ್ರದ್ದೇ ಬಣ್ಣದ ರೇಷ್ಮೆ ದಾರವನ್ನು ಕೊಕ್ಕೆಗೆ ತೂರಿಸಿ, ಗೋದಿ ಕಾಳಿನಷ್ಟು ಸಡಿಲ ಬಿಟ್ಟು ಮಣಿಕಟ್ಟಿಗೆ ಗಂಟು ಹಾಕಿದಳು. ಆಮೇಲೆ ಕಡ್ಡಿ ಹಿಡಿದು ತನ್ನ ಕೈಯನ್ನು ಬೇಕೆಂದೇ ಸಣ್ಣಗೆ ನಡುಗಿಸಿ ತೋರಿಸಿದಳು. ರಾಣಿಯ ಕೈ ಸುಮ್ಮನಿತ್ತು. “ನೋಡಿದಿ? ನಡುಕ ದಾರದಾಗ ಮುಗೀತೈತಿ. ಗೊಂಬಿಗೆ ಮುಟ್ಟಾಂಗಿಲ್ಲ.”

“ಅವರಿಗೆ ಗೊತ್ತಾದ್ರ?”

“ಗೊತ್ತಾಗಬಾರದು. ಕಡ್ಡಿ ಚೊಲೊ ಸಿಕ್ತು ಅಂತ ತಿಳಕೊಂಡ್ರ ಸಾಕು. ನೀ ಬಾಯಿ ಬಿಟ್ಟಿ ಅಂದ್ರ ಕರಿಬೇವು ಸಿಗಾಂಗಿಲ್ಲ, ಹೇಳೀನಿ.”

ಆದರೆ ಎಂಥ ಮನುಷ್ಯನ ಮುಂದೆ ಈ ಆಟ! ಎದುರುಮನೆಯ ಫ್ಯಾನಿನ ಸ್ಕ್ರೂ ಸಡಿಲವಾದರೆ ನಮ್ಮ ಮನೆಯಲ್ಲಿ ಕೂತು ಕೇಳಿಸಿಕೊಳ್ಳುವವರು. ದಿನಕ್ಕೊಂದರಂತೆ ಗೊಂಬೆಗಳು ಗುಣವಾದವು: ರಾಣಿ, ರಾಜ, ಮಂತ್ರಿ, ಕಳ್ಳ, ಅಜ್ಜಿ. ಕಾಕಾ ಸಂಜೆ ಅಭ್ಯಾಸ ಮಾಡುವಾಗ, “ಸ್ಟೀಲ್ ಅಂದ್ರ ಇದು! ನಾಲ್ಕು ದಿನ ಬೇಕು ನೋಡು ಅದಕ್ಕ, ಹದಾ ಆಗಾಕ” ಅನ್ನುವರು. ಕಾಕು ಮುಖದ ಒಂದು ಗೆರೆಯನ್ನೂ ಕದಲಿಸದೆ ರೊಟ್ಟಿ ಬಡಿಯುವಳು. ನಾನು ನಗು ತಡೆಯಲಾರದೆ ಮೇಲೆ ಓಡುವೆ. ಆರನೆಯ ದಿನ ಕಾಕಾ ಹೊರಗೆ ಹೋಗಲೇ ಇಲ್ಲ. ಸಿಪಾಯಿ ಹಾಗೇ ಉಳಿದ, ನಡುಗುತ್ತ.

ಆಟದ ದಿನ. ಶ್ವೇತಾಳ ಆಫೀಸು, ಗಾಜಿನ ಕಟ್ಟಡದ ಏಳನೆಯ ಮಹಡಿ. ಎ.ಸಿ.ಯ ಚಳಿ, ಪರದೆಯ ಆಚೆ ಮಕ್ಕಳ ಗದ್ದಲ. ಈಚೆ ನಾನು, ಕಾಕು, ಕಾಕಾ. ಆಫೀಸಿನ ಯಾರೋ ಬಂದು ಇನ್ನು ಹತ್ತೇ ನಿಮಿಷ ಎಂದು ಹೇಳಿ ಹೋದರು. ಕಾಕಾ ಕನ್ನಡಕ ಏರಿಸಿ, ಕಾರ್ಖಾನೆಯಲ್ಲಿ ಡಬ್ಬಿ ಹೊರಡುವ ಮೊದಲು ಮಾಡುತ್ತಿದ್ದಂತೆ, ಕೊನೆಯ ತಪಾಸಣೆಗೆ ಕೂತರು. ರಾಣಿಯನ್ನು ಕಿವಿಯ ಹತ್ತಿರ ಹಿಡಿದು ಕಡ್ಡಿ ಅಲುಗಿಸಿದರು. ಸಣ್ಣಗೆ ಟಿಕ್ ಅಂದಿತು, ಸಡಿಲದ ಸದ್ದು. ಕಾಕು ನನ್ನ ಮೊಣಕೈ ಹಿಡಿದುಕೊಂಡಳು. ರಾಜನನ್ನು ಎತ್ತಿಕೊಂಡರು. ಟಿಕ್. ಮಂತ್ರಿ, ಕಳ್ಳ, ಅಜ್ಜಿ, ಒಬ್ಬೊಬ್ಬರನ್ನೂ ಎತ್ತಿ, ಮಣಿಕಟ್ಟಿನ ಗಂಟನ್ನು ಹೆಬ್ಬೆರಳಿನಿಂದ ಸವರಿ, ಕೆಳಗಿಟ್ಟರು. ಮುಗಿಯಿತು, ಈಗ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೊರಟೇಬಿಡುತ್ತಾರೆ ಅಂದುಕೊಂಡೆ.

ಕೊನೆಗೆ ಸಿಪಾಯಿಯನ್ನು ಎತ್ತಿಕೊಂಡರು. ಅಲುಗಿಸಿದರು. ಸದ್ದಿಲ್ಲ. ಜೇಬಿನಿಂದ ಇಕ್ಕಳ ತೆಗೆದು, ತಾವೇ ಬಿಗಿದಿದ್ದ ಹನ್ನೆರಡು ಸುತ್ತಿನ ತಂತಿಯನ್ನು ಎರಡೂ ಮಣಿಕಟ್ಟಿನಲ್ಲಿ ಪಟ್ಟನೆ ಕತ್ತರಿಸಿದರು. ಕಾಕುವಿನ ಎದುರಿಗೆ ನೆಲದ ಮೇಲೆ ಕೂತು, ಸಿಪಾಯಿಯನ್ನು ಅವಳತ್ತ ಚಾಚಿದರು.

“ಇದೊಂದು ಬಿಟ್ಟೀಯಲ್ಲ.”

ಕಾಕು ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು, ದಾರ ತೆಗೆದಳು.

“ಕಡ್ಡಿ ಎಲ್ಲಾ ಮೊದಲಿಂದ ಚೊಲೋನ ಇದ್ದುವು,” ಅಂದರು ಕಾಕಾ, ಮೆಲ್ಲಗೆ.

“ಹೂಂ,” ಅಂದಳು ಕಾಕು.

ಸಿಪಾಯಿಯನ್ನು ಹಿಡಿದ ಅವರ ಕೈ ನಡುಗುತ್ತಿತ್ತು. ಸೂಜಿ ಎರಡು ಸಲ ಕೊಕ್ಕೆ ತಪ್ಪಿತು. ನೆಟ್ಟಗ ಹಿಡೀರಿ ಎಂದು ಅವಳು ಹೇಳಲಿಲ್ಲ.  ಅವರ ಕೈ ಹೇಗೆ ಅಲುಗುತ್ತಿತ್ತೋ ಹಾಗೆಯೇ ತನ್ನ ಕೈಯನ್ನೂ ಅಲುಗಿಸುತ್ತ, ಅದರ ಜೊತೆಜೊತೆಗೇ ಹೋಗುತ್ತ, ಸೂಜಿ ತೂರಿಸಿ ಗಂಟು ಹಾಕಿದಳು.