ಎಡಗಡೆಯ ಸ್ಟೂಲು

ಸಬ್‌ವೂಫರ್ ಎಂದರೆ ವೂಫರ್‌ನ ಕೈಕೆಳಗೆ ಕೆಲಸ ಮಾಡುವ ಅಧಿಕಾರಿ ಎಂದು ನಾನು ಬಹಳ ಕಾಲ ನಂಬಿದ್ದೆ. ಸಬ್‌ಇನ್‌ಸ್ಪೆಕ್ಟರ್, ಸಬ್‌ರಿಜಿಸ್ಟ್ರಾರ್ ಇದ್ದ ಹಾಗೆ. ಆದ್ದರಿಂದ ಅಂಗಡಿಗೆ ಹೋದವನೇ ಎದೆಯುಬ್ಬಿಸಿ ಹೇಳಿದೆ: "ನೋಡಿ, ನಮಗೆ ಈ ಸಬ್ಬು ಗಿಬ್ಬು ಎಲ್ಲ ಬೇಡ. ನೇರವಾಗಿ ಮೇಲಿನವರನ್ನೇ ಕೊಟ್ಬಿಡಿ!"

ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೇಲಿನವರು ರಜೆ ಮೇಲಿದ್ದಾರೆ ಸಾರ್. ಸದ್ಯಕ್ಕೆ ಸಬ್ಬನ್ನೇ ಕರ್ಕೊಂಡು ಹೋಗಿ" ಎಂದ.

ಹೀಗೆ ಎರಡು ಸ್ಪೀಕರುಗಳೂ ದಪ್ಪ ದನಿಯ ಒಬ್ಬ ಸಬ್ ಅಧಿಕಾರಿಯೂ ನಮ್ಮ ಮನೆಗೆ ಆಗಮಿಸಿದರು. ತಂದದ್ದು ಶೋಕಿಗಲ್ಲ, ಮಾವನವರನ್ನು ಮನೆಯಲ್ಲಿ ಉಳಿಸಿಕೊಳ್ಳಲು!

ನಮ್ಮದು ಒಳಗೋಡೆಗಳಿಲ್ಲದ ಮನೆ. ಅಡುಗೆಕಟ್ಟೆ, ಊಟದ ಮೇಜು, ಸೋಫಾ ಎಲ್ಲ ಒಂದೇ ಬಯಲಿನಲ್ಲಿ. ಕುಕ್ಕರ್ ಕೂಗಿದರೆ ಸೋಫಾದಲ್ಲಿ ಮಲಗಿದವನು ಎದ್ದು ನಿಲ್ಲಬೇಕು. ಊಟದ ಮೇಜೇ ನನ್ನ ಹೆಂಡತಿಯ ಆಫೀಸು. ವಿಮೆ ಮಾಡಿಸಿದವರ ದೂರುಗಳನ್ನು ಫೋನಿನಲ್ಲಿ ಕೇಳಿ ಸಮಾಧಾನ ಹೇಳುವುದು ಅವಳ ಕೆಲಸ. ಇದ್ದಬದ್ದ ಸಮಾಧಾನವೆಲ್ಲ ಅಲ್ಲೇ ಖರ್ಚಾಗಿ ನನ್ನ ಪಾಲಿಗೆ ಏನೂ ಉಳಿಯುವುದಿಲ್ಲ.

ಅವಳ ಅಪ್ಪ ಮೂವತ್ತೆರಡು ವರ್ಷ ಮುದ್ರಣಾಲಯದಲ್ಲಿ ಮೆಷಿನ್ ಓಡಿಸಿ ನಿವೃತ್ತರಾದವರು. ಎರಡು ವರ್ಷದಿಂದ ನಮ್ಮ ಜೊತೆಗಿದ್ದಾರೆ. ಮಗಳ ಫೋನಿಗೆ ತೊಂದರೆಯಾಗಬಾರದೆಂದು ರೇಡಿಯೋದ ಸದ್ದನ್ನು ಎಷ್ಟು ತಗ್ಗಿಸುತ್ತಾರೆಂದರೆ, ವಾರ್ತೆ ಓದುವವರು ಪ್ರಪಂಚದ ಸುದ್ದಿಯನ್ನು ಗುಟ್ಟಾಗಿ ಇವರೊಬ್ಬರಿಗೇ ಹೇಳುತ್ತಿರುವಂತಿರುತ್ತದೆ.

ಹೋದ ವಾರ ಹೆಂಡತಿ ಸಪ್ಪೆ ಮುಖ ಮಾಡಿಕೊಂಡು ಬಂದಳು. "ರೀ, ಅಪ್ಪ ಒಂದನೇ ತಾರೀಕು ಅಕ್ಕನ ಮನೆಗೆ ಹೋಗ್ಬಿಡ್ತಾರಂತೆ. ಅಲ್ಲೇ ಇರ್ತಾರಂತೆ."

"ಇಲ್ಲೇನು ಕಡಿಮೆಯಾಗಿದೆ?"

"ಗೋಡೆ! ಅಲ್ಲಿ ಬಾಗಿಲಿರೋ ರೂಮಿದೆ. ರೇಡಿಯೋ ಜೋರಾಗಿ ಹಾಕ್ಕೋಬಹುದಂತೆ."

ನಾನು ಕೂತಲ್ಲಿಂದ ಎದ್ದೇ ನಿಂತೆ. ಯಾಕೆಂದರೆ, ಈ ಭೂಮಂಡಲದಲ್ಲಿ ನನ್ನ ಆಫೀಸಿನ ಕಥೆಗಳನ್ನು ಪೂರ್ತಿಯಾಗಿ ಕೇಳುವ ಜೀವ ಅದೊಂದೇ! ಹೆಂಡತಿ ಎರಡನೇ ವಾಕ್ಯಕ್ಕೇ "ಆಮೇಲೆ ಹೇಳಿ" ಎಂದು ಎದ್ದು ಹೋಗುತ್ತಾಳೆ. ಮಾವ ಹಾಗಲ್ಲ. ಸಂಜೆ ನಾನು ಬಂದ ಕೂಡಲೇ ತಮ್ಮ ಕುರ್ಚಿಯ ಎಡಗಡೆಯ ಸ್ಟೂಲು ತಟ್ಟಿ, "ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ" ಎನ್ನುತ್ತಾರೆ. ನಾನು ತಗ್ಗಿದ ದನಿಯಲ್ಲಿ ಮ್ಯಾನೇಜರನ ಅನ್ಯಾಯಗಳನ್ನು ಬಿಚ್ಚಿಡುತ್ತೇನೆ. ಮಾವ ತಲೆದೂಗುತ್ತಾರೆ, ನಸುನಗುತ್ತಾರೆ. ಎರಡು ವರ್ಷದಲ್ಲಿ ಒಮ್ಮೆಯೂ ಮಧ್ಯೆ ಬಾಯಿ ಹಾಕಿಲ್ಲ! ಆ ಸ್ಟೂಲು ಸ್ಟೂಲಲ್ಲ, ಸಿಂಹಾಸನ.

"ಮಾವ ಎಲ್ಲಿಗೂ ಹೋಗಲ್ಲ!" ಎಂದು ಘೋಷಿಸಿದೆ. "ಅವರಿಗೆ ಚೆನ್ನಾಗಿ ಕೇಳಿಸ್ಬೇಕು, ನಿನ್ನ ಗ್ರಾಹಕರಿಗೆ ಕೇಳಿಸಬಾರದು. ಹಾಗೆ ಶಬ್ದವನ್ನೇ ಪಳಗಿಸ್ತೀನಿ ನೋಡ್ತಿರು!"

"ಹೋದ ಸಲ ನಲ್ಲಿ ಪಳಗಿಸಿದ್ರಿ. ಮೂರು ದಿನ ಪಕ್ಕದ ಮನೆಯಿಂದ ನೀರು ಹೊತ್ವಿ" ಎಂದಳು.

ಭಾನುವಾರ ಬಂತು. ಎರಡು ಸ್ಪೀಕರು, ಒಬ್ಬ ಕೇಳುಗ, ಮೂರೂ ಸೇರಿ ಸಮಬಾಹು ತ್ರಿಭುಜವಾಗಬೇಕು, ಕೇಳುಗ ಕೂರುವ ಮೂಲೆಗೆ ಸ್ವೀಟ್ ಸ್ಪಾಟ್ ಎನ್ನುತ್ತಾರೆ ಎಂದು ಅಂಗಡಿಯವನು ಬೋಧಿಸಿದ್ದ. ಶಾಲೆಯಲ್ಲಿ ನನ್ನನ್ನು ಕೈಬಿಟ್ಟಿದ್ದ ಜ್ಯಾಮಿತಿಗೆ ಇನ್ನೊಂದು ಅವಕಾಶ ಕೊಟ್ಟು, ದಾರ ಹಿಡಿದು ಅಳೆದೆ. ತ್ರಿಭುಜದ ಮೂಲೆ ಹೋಗಿ ಅಡುಗೆಕಟ್ಟೆಯ ಸಕ್ಕರೆ ಡಬ್ಬದ ಮೇಲೆ ಬಿತ್ತು!

"ಸ್ವೀಟ್ ಸ್ಪಾಟ್ ಅಂದ್ರಲ್ಲ, ಸರಿಯಾಗೇ ಇದೆ" ಎಂದಳು ಹೆಂಡತಿ.

ತ್ರಿಭುಜ ಜಗ್ಗಲಿಲ್ಲ. ಹಾಗಾಗಿ ಮನೆಯನ್ನೇ ಜಗ್ಗಿಸಿದೆ. ಸೋಫಾ ಫ್ರಿಜ್ಜಿನ ಜಾಗಕ್ಕೆ, ಫ್ರಿಜ್ಜು ಚಪ್ಪಲಿ ಗೂಡಿನ ಪಕ್ಕಕ್ಕೆ. ಊಟದ ಮೇಜು ಬಚ್ಚಲಿನ ಬಾಗಿಲಿಗೇ ಒರಗಿತು. ಒಳಗಿನಿಂದ ದನಿ ಬಂತು: "ರೀ! ನಾನು ಸ್ನಾನ ಮುಗಿಸಿ ಆಫೀಸ್ ಹಾರ್ಕೊಂಡು ಬರ್ಬೇಕಾ?"

ಮಧ್ಯಾಹ್ನದ ಹೊತ್ತಿಗೆ ಮೂಲೆಯೂ ಮಾವನ ಕುರ್ಚಿಯೂ ಕೂಡಿಬಂದವು. ಅವರನ್ನು ಕೂರಿಸಿದೆ. ಮಾವ ಕಣ್ಣು ಕಿರಿದು ಮಾಡಿ ನೋಡಿದರು. "ಆ ಸ್ಪೀಕರ್ ಡಬ್ಬ ಕಾಲಿಂಚು ಸೊಟ್ಟ ಇದೆ ಅಳಿಯಂದ್ರೇ." ಮೂವತ್ತೆರಡು ವರ್ಷ ಅಚ್ಚಿನ ಸಾಲು ನೋಡಿದ ಕಣ್ಣು! ನೇರ ಮಾಡಿದೆ. ವಾರ್ತೆ ಹಾಕಿದೆ.

ಮಾವ ಮೆಲ್ಲಗೆ ಕುರ್ಚಿಯನ್ನು ಎಡಕ್ಕೆ ತಿರುಗಿಸಿ ಅಡ್ಡವಾಗಿ ಕೂತರು.

"ನೇರ ಕೂತ್ಕೊಳ್ಳಿ ಮಾವ, ತ್ರಿಭುಜ ಕೆಡುತ್ತೆ!" ಎಂದು ಕುರ್ಚಿ ನೇರ ಮಾಡಿದೆ.

"ಹೂಂ ಹೂಂ, ಬಹಳ ಚೆನ್ನಾಗಿದೆ" ಎಂದವರೇ ಮತ್ತೆ ತಿರುಗಿದರು. ನಾನು ನೇರ ಮಾಡಿದೆ. ಅವರು ತಿರುಗಿದರು. ಸದ್ದು ಸಾಲದೇನೋ ಎಂದುಕೊಂಡು ಕೊನೆಗೆ ಸಬ್ ಅಧಿಕಾರಿಯನ್ನು ಕರ್ತವ್ಯಕ್ಕೆ ಕರೆದೆ.

ಢಂ!

ಮೇಲಿನವರೇ ಬಂದರೇನೋ ಅನ್ನಿಸುವ ದನಿ! ಪಾತ್ರೆ ಸ್ಟ್ಯಾಂಡು ಗಡಗಡ ನಡುಗಿತು. ದೊಡ್ಡ ಪಾತ್ರೆಯ ಮುಚ್ಚಳವೊಂದು ಕೆಳಗೆ ಹಾರಿ, ತಡೆಯಲು ಗೋಡೆಯಿಲ್ಲದೆ, ಇಡೀ ಮನೆಯನ್ನು ಉರುಳುತ್ತಾ ದಾಟಿ, ಮಾವನ ಎಡಗಾಲಿನ ಪಕ್ಕ ಢಣಢಣ ಎಂದು ಬಿತ್ತು.

ಮಾವ ಬೆಚ್ಚಿ ತಲೆಯೆತ್ತಿದರು. ಬಲಕ್ಕೆ ತಿರುಗಿ ಬಾಗಿಲ ಕಡೆ ನೋಡಿ, "ಯಾರೋ ಬಂದ್ರು, ನೋಡಿ" ಎಂದರು.

ನಾನು ಸ್ಪೀಕರು ಆರಿಸಿದೆ. ಹೆಂಡತಿ ಮುಚ್ಚಳವನ್ನೂ ಅಪ್ಪನನ್ನೂ ನೋಡಿದಳು. "ಅಪ್ಪಾ, ಬಿದ್ದಿದ್ದು ನಿನ್ನ ಎಡಗಡೆ."

ಮಾವ ಕನ್ನಡಕ ತೆಗೆದು ಒರೆಸತೊಡಗಿದರು. "ಎಡಗಿವಿ ರಾಜೀನಾಮೆ ಕೊಟ್ಟು ಮೂರು ವರ್ಷ ಆಯ್ತಮ್ಮ. ಮೆಷಿನ್ ಆ ಕಡೆಗೇ ಇತ್ತಲ್ಲ. ಹೇಳಿದ್ರೆ ನೀನು ರಜ ಹಾಕಿ ಆಸ್ಪತ್ರೆ ಸುತ್ತಿಸ್ತೀಯ. ರೇಡಿಯೋ ಜೋರು ಮಾಡಿದ್ರೆ ನಿನ್ನ ಕೆಲಸಕ್ಕೆ ಕಲ್ಲು ಬೀಳುತ್ತೆ."

"ಅಕ್ಕಂಗೆ ಹೇಳಿದೀಯಾ?"

"ಇಲ್ಲ."

ಅವಳು ಅಪ್ಪನ ಬಲಗಡೆ ಬಂದು ನೆಲದ ಮೇಲೆ ಕೂತಳು. "ಮೊದಲು ಗೊತ್ತಾಗಿದ್ದು ನಮಗೆ. ಹಾಗಾದ್ರೆ ನೀನು ನಮ್ಮ ಪಾಲಿಗೇ" ಎಂದಳು. ದನಿ ನಡುಗಿತ್ತು. ಅದು ಸಬ್ ಅಧಿಕಾರಿಯ ಕೆಲಸವಲ್ಲ.

ತ್ರಿಭುಜವನ್ನು ಅಂದೇ ವಿಸರ್ಜಿಸಿದೆ. ಸಬ್ ಅಧಿಕಾರಿ ಡಬ್ಬಕ್ಕೆ ವಾಪಸ್. ಒಂದೇ ಒಂದು ಸ್ಪೀಕರನ್ನು ಮಾವನ ಬಲಗಿವಿಯ ಮಟ್ಟಕ್ಕೆ, ಮೊಳ ದೂರದಲ್ಲಿ ಇಟ್ಟೆ. ಮರುದಿನ ಸಂಜೆ ವಾರ್ತೆ ಮೆಲ್ಲಗೆ ಬಂತು. ಮಾವ ನೇರ ಕೂತು, ಕಣ್ಣು ಮುಚ್ಚಿ ಕೇಳಿದರು. ಅತ್ತ ಹೆಂಡತಿ ನಿರಾತಂಕವಾಗಿ ಯಾರಿಗೋ ಸಮಾಧಾನ ಹೇಳುತ್ತಿದ್ದಳು. ನಾನು ನನ್ನ ಸಿಂಹಾಸನದಲ್ಲಿ ಬೀಗುತ್ತಿದ್ದೆ. ಆಗ ಹೊಳೆಯಿತು. ನನ್ನ ಸಿಂಹಾಸನ ಇರುವುದು ಯಾವ ಕಡೆ?

"ಮಾವ! ಹಾಗಾದ್ರೆ ಎರಡು ವರ್ಷ ನಾನು ಹೇಳಿದ್ದೆಲ್ಲ…"

"ಬಾಯಿ ಆಡೋದು ಕಾಣಿಸ್ತಿತ್ತು" ಎಂದರು ಮಾವ. "ಹೇಳಿ ಮುಗಿಸಿದ ಮೇಲೆ ನಿಮ್ಮ ಮುಖ ಅರಳೋದು. ಸಾಕಲ್ಲ ಅಂತ ಸುಮ್ನಿದ್ದೆ."

ನಾನೇನು ಸೋಲುವವನೇ? ಸ್ಟೂಲನ್ನೆತ್ತಿ ಬಲಗಡೆಗೆ ಹಾಕಿ, ಮ್ಯಾನೇಜರನ ಪುರಾಣವನ್ನು ಮೊದಲ ದಿನದಿಂದ ಶುರು ಮಾಡಿದೆ. ನಲವತ್ತು ನಿಮಿಷ! ಒಂದು ಅಕ್ಷರವೂ ನೆಲಕ್ಕೆ ಬೀಳದಂತೆ ಮಾವನ ಕಿವಿಗೆ ಸುರಿದೆ. ಮುಗಿಸಿ, ಬಾಯೊಣಗಿ, ಕೇಳಬೇಕಾದದ್ದನ್ನು ಕೇಳಿಯೇಬಿಟ್ಟೆ: "ಒಂದನೇ ತಾರೀಕು ಹೋಗಲ್ಲ ತಾನೇ ಮಾವ? ನಮ್ಮ ಜೊತೆ ಇರ್ತೀರಲ್ಲ?"

ಮಾವ ಎದ್ದು, ನನ್ನನ್ನೂ ಎಬ್ಬಿಸಿ, ಸ್ಟೂಲನ್ನು ಮೊದಲಿದ್ದ ಜಾಗಕ್ಕೇ ತಂದಿಟ್ಟು, ಕಾಲಿಂಚು ಸರಿಸಿ ನೇರ ಮಾಡಿದರು.

"ಇರ್ತೀನಿ ಅಳಿಯಂದ್ರೇ. ನೀವು ಮಾತ್ರ ಎಡಗಡೆಗೇ ಕೂತ್ಕೊಳ್ಳಿ."