ಟೈಪಿಸ್ಟರ ಕ್ಷೌರಕತ್ತಿ ಹರಾಜು

"ಇನ್ಮೇಲೆ ಈ ಮನೆಗೆ ಸಂಪಾದನೆ ಬರೋದು ಬಾಗಿಲಿಂದ ಅಲ್ಲ ಕಣೇ, ಇಂಟರ್‌ನೆಟ್ಟಿಂದ!"

ಟೈಪಿಸ್ಟರು ಊಟದ ಮೇಜು ಗುದ್ದಿ ಹೀಗೆಂದು ಘೋಷಿಸಿಯೇಬಿಟ್ಟರು. ಮೇಜಿನ ಮೇಲೆ ಹೆಂಡತಿಯ ತಂದೆಯ ತಗಡಿನ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಆ ಮಾವ ಕ್ಷೌರಿಕರು. ಅಂಗಡಿ ಮುಚ್ಚಿದ ಮೇಲೆ ಅವರ ಹನ್ನೊಂದು ಮಡಚುವ ಕತ್ತಿಗಳು ಮಂಚದ ಕೆಳಗೆ ಸೇರಿದ್ದವು. ಇಂಥ ಹಳೇ ಕತ್ತಿಗಳಿಗೆ ಆನ್‌ಲೈನ್ ಹರಾಜಿನಲ್ಲಿ ಜನ ಮುಗಿಬೀಳುತ್ತಾರೆಂದು ಟೈಪಿಸ್ಟರು ಎಲ್ಲೋ ಓದಿದ್ದರು. ಓದಿದ್ದು ಅಷ್ಟೇ!

ಮೂವತ್ತು ವರ್ಷ ಟೈಪ್ ಮಾಡಿಸಿಕೊಂಡ ಕಚೇರಿ ಅವರನ್ನು ಮನೆಗೆ ಕಳಿಸಿ ಆರು ತಿಂಗಳಾಗಿತ್ತು. ಭಾವಮೈದುನ ತನ್ನ ಚಪ್ಪಲಿ ಅಂಗಡಿಯಲ್ಲಿ ಇವರಿಗಾಗಿ ಒಂದು ಸ್ಟೂಲು ಹಾಕಿ ಕಾಯುತ್ತಿದ್ದ. ಬಂದವರ ಕಾಲಿಗೆಲ್ಲ ಚಪ್ಪಲಿ ತೊಡಿಸುವ ಕೆಲಸ! ಭಾನುವಾರ ಸಂಜೆ ಐದರೊಳಗೆ ಒಂದು ಕತ್ತಿಯಾದರೂ ಮಾರಾಟವಾಗಬೇಕು, ಇಲ್ಲದಿದ್ದರೆ ಸೋಮವಾರ ಸ್ಟೂಲು. ಗಂಡಹೆಂಡಿರ ಒಪ್ಪಂದ ಇದು.

"ನಾನು ಸ್ವಲ್ಪ ಮಸೆದು ಕೊಡ್ಲಾ?" ಎಂದು ಹೆಂಡತಿ ಕೇಳಿದರು.

"ಬೇಡ ಮಾರಾಯ್ತಿ! ಇದು ಅಂತರರಾಷ್ಟ್ರೀಯ ವ್ಯವಹಾರ. ನಿಂಗೆ ಗೊತ್ತಾಗಲ್ಲ."

ಟೈಪಿಸ್ಟರು ಒಂದು ಕತ್ತಿಯನ್ನು ಹರಾಜಿಗಿಟ್ಟು, ಹತ್ತೂ ಬೆರಳು ಕುಣಿಸಿ ವರ್ಣನೆ ಬರೆದರು: 'ರಾಜಾಧಿರಾಜರ ಗಲ್ಲ ಸವರಿದ ಅಪೂರ್ವ ಖಡ್ಗ!'

"ಯಾವ ರಾಜರೀ? ನಮ್ಮಪ್ಪನ ಅಂಗಡಿಗೆ ಬಂದ ದೊಡ್ಡ ಮನುಷ್ಯ ಅಂದ್ರೆ ಪೋಸ್ಟ್‌ಮ್ಯಾನ್!"

ಶುಕ್ರವಾರ ಕಳೆಯಿತು, ಶನಿವಾರ ಕಳೆಯಿತು. ಒಬ್ಬನೂ ಬೆಲೆ ಕೂಗಲಿಲ್ಲ. ಭಾನುವಾರ ಮಧ್ಯಾಹ್ನ ಹಳೇ ಕತ್ತಿ ಕೂಡಿಡುವ ಸಂಗ್ರಾಹಕರೊಬ್ಬರ ಸಂದೇಶ ಬಂತು: 'ರಾಜರ ವಿಷಯ ಇರಲಿ. ನಾಲ್ಕು ಗಂಟೆಗೆ ನೇರ ಪ್ರಸಾರದಲ್ಲಿ ಕೂದಲು ಪರೀಕ್ಷೆ ಮಾಡಿ ತೋರಿಸಿ.' ಅಂದರೆ ಒಂದು ಕೂದಲೆಳೆಯನ್ನು ಇಳಿಬಿಟ್ಟು ಕತ್ತಿಗೆ ತಾಗಿಸಬೇಕು. ಚೂಪಾಗಿದ್ದರೆ ತಾಗಿದ್ದೇ ತಡ ಎರಡು ತುಂಡು!

ಟೈಪಿಸ್ಟರು ತಲೆ ಸವರಿಕೊಂಡರು. ಅಲ್ಲಿ ಪರೀಕ್ಷೆಗೆ ಕೂರುವ ಒಬ್ಬ ಅಭ್ಯರ್ಥಿಯೂ ಇರಲಿಲ್ಲ.

"ಲೇ, ಒಂದು ಕೂದಲು ಕೊಡೇ."

"ಬಾಚಣಿಗೇಲಿದೆ, ತಗೊಳ್ಳಿ. ಮದುವೆಯಾದಾಗಿಂದ ಉದುರಿದ್ದೇ ಜಾಸ್ತಿ."

ನಾಲ್ಕು ಗಂಟೆಗೆ ಫೋನು ಹೂಜಿಗೆ ಒರಗಿ ಕೂತಿತು. ಅರವತ್ತು ಜನ ನೋಡುತ್ತಿದ್ದರು! ಟೈಪಿಸ್ಟರು ಕೆಮ್ಮಿ, ಕೂದಲನ್ನು ಕತ್ತಿಗೆ ತಾಗಿಸಿದರು. ಕೂದಲು ಬಾಗಿತು, ಬಳುಕಿತು, ಅಲಗನ್ನು ಸುತ್ತಿಕೊಂಡು ಹಾಯಾಗಿ ಮಲಗಿತು.

"ನಿನ್ನ ಕೂದಲೇ ಸರಿಯಿಲ್ಲ!"

"ಕುಣಿಯಕ್ಕೆ ಬರದವರು ನೆಲ ಡೊಂಕು ಅಂದ್ರಂತೆ!"

ಕತ್ತಿಯನ್ನು ತೊಗಲಿನ ಪಟ್ಟಿಯ ಮೇಲೆ ಸವರಿ ಹದ ಮಾಡಬೇಕೆಂದು ಅವರಿಗೆ ಆಗ ನೆನಪಾಯಿತು. ತೊಗಲು ಎಲ್ಲಿ? ಬಾಗಿಲ ಮೊಳೆಗೆ ಹೆಂಡತಿಯ ಹೊಸ ಚರ್ಮದ ಚೀಲ ನೇತಾಡುತ್ತಿತ್ತು. ಅದರ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದು, ವೀರಾವೇಶದಿಂದ ಕತ್ತಿ ಓಡಿಸಿದರು. ಸರ್ರ್! ಪಟ್ಟಿ ಎರಡಾಯಿತು, ಚೀಲ ನೆಲ ಸೇರಿತು. ಕೂದಲಿಗೆ ಹೆದರಿದ ಕತ್ತಿ ಚರ್ಮದ ಮೇಲೆ ಪರಾಕ್ರಮ ತೋರಿಸಿತ್ತು!

"ಅಯ್ಯೋ ನನ್ನ ಚೀಲ!" ಹೆಂಡತಿ ಅಡುಗೆಮನೆಯಿಂದ ಓಡಿ ಬಂದರು. "ಅಲ್ರೀ, ಬಾಯಿ ಮುಂದೆ ಮಾಡಿ ಯಾರಾದ್ರೂ ಸವರ್ತಾರಾ? ಕತ್ತಿ ಬೆನ್ನು ಮುಂದೆ ಹೋಗ್ಬೇಕು, ಬಾಯಿ ಹಿಂದೆ ಬರ್ಬೇಕು. ಬಾಯಿ ಮುಂದೆ ಬಿಟ್ರೆ ಎಲ್ಲಾ ಕೆಡುತ್ತೆ. ಕತ್ತಿದೂ ಅಷ್ಟೇ, ನಿಮ್ದೂ ಅಷ್ಟೇ! ಕೊಡಿ ಇಲ್ಲಿ!"

ಪೆಟ್ಟಿಗೆಯ ತಳದಿಂದ ಅಪ್ಪನ ಮಸೆಗಲ್ಲನ್ನೂ ತೊಗಲು ಪಟ್ಟಿಯನ್ನೂ ತೆಗೆದರು. ಅವು ಅಲ್ಲೇ ಇದ್ದವೇ ಎಂದು ಟೈಪಿಸ್ಟರು ಕಣ್ಣುಕಣ್ಣು ಬಿಟ್ಟರು. ಹೆಂಡತಿ ಕಲ್ಲಿನ ಮೇಲೆ ನೀರು ಚಿಮುಕಿಸಿ, ಕತ್ತಿಯನ್ನು ಚಪ್ಪಟೆಯಾಗಿ ಮಲಗಿಸಿ, ಮಗ್ಗುಲು ಬದಲಿಸುತ್ತ ಮಸೆದರು. ಆಮೇಲೆ ಪಟ್ಟಿ. ಚಟ್, ಪಟ್, ಚಟ್, ಪಟ್. ಆ ಸದ್ದು ಕೇಳುತ್ತ ಅವರ ಕಣ್ಣು ತುಂಬಿಕೊಂಡಿತು. "ಅಂಗಡೀಲಿ ನಾನೇ ಮಸೀತಿದ್ದೆ. ಅಪ್ಪ ಬೇರೆಯವರ ಕೈಗೆ ಕೊಡ್ತಾನೇ ಇರ್ಲಿಲ್ಲ."

ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಟೈಪಿಸ್ಟರಿಗೆ ಇದು ಗೊತ್ತೇ ಇರಲಿಲ್ಲ! ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹೆಂಡತಿಯ ಮೇಲೆ ಹೆಮ್ಮೆಯಾಯಿತು.

ಹೆಂಡತಿ ತಮ್ಮ ಜಡೆಯಿಂದಲೇ ಒಂದು ಎಳೆ ಕಿತ್ತು ಇಳಿಬಿಟ್ಟರು. ತಾಗಿತೋ ಇಲ್ಲವೋ, ಅರ್ಧ ಕೂದಲು ನೆಲಕ್ಕೆ ತೇಲಿತು.

ಟಣ್! ಫೋನು ಕೂಗಿತು. ನೇರ ಪ್ರಸಾರ ನಿಲ್ಲಿಸುವುದನ್ನೇ ಇಬ್ಬರೂ ಮರೆತಿದ್ದರು. ಟಣ್, ಟಣ್, ಟಣ್! ಬೆಲೆ ಕೂಗುವವರ ಸಾಲು ನಿಲ್ಲಲೇ ಇಲ್ಲ. ಐದಕ್ಕೆ ಸರಿಯಾಗಿ ಕತ್ತಿ ಅದೇ ಸಂಗ್ರಾಹಕರ ಪಾಲಾಯಿತು.

"ನೋಡಿದ್ಯಾ, ನನ್ನ ವ್ಯಾಪಾರ!" ಎಂದು ಎದೆಯುಬ್ಬಿಸಿ ಟೈಪಿಸ್ಟರು ಸಂಗ್ರಾಹಕರ ಸಂದೇಶವನ್ನು ಜೋರಾಗಿ ಓದತೊಡಗಿದರು:

"'ಉಳಿದ ಹತ್ತೂ ಕತ್ತಿ ನನಗೇ ಬೇಕು. ಒಂದೇ ಷರತ್ತು. ಆ ಅಮ್ಮನವರೇ ಮಸೆಯಬೇಕು, ಅಮ್ಮನವರೇ ಪೊಟ್ಟಣ ಕಟ್ಟಬೇಕು. ಮೊದಲು ಬಂದ ಆ ಮನುಷ್ಯ...'"

ದನಿ ಅಲ್ಲಿಗೇ ಇಳಿಯಿತು.

"ಮುಂದೆ ಓದಿ."

"'...ಆ ಮನುಷ್ಯನಿಗೆ ದಯವಿಟ್ಟು ವಿಳಾಸ ಟೈಪ್ ಮಾಡುವ ಕೆಲಸ ಮಾತ್ರ ಕೊಡಿ.'"

ಹೆಂಡತಿ ಕುರ್ಚಿ ಎಳೆದುಕೊಟ್ಟರು. "ಕೂತ್ಕೊಳ್ರೀ. ಕೆಲಸ ಸಿಕ್ತಲ್ಲ!"